ಇಪ್ಪತ್ಮೂರು ಹಸುಗಳ ಹೆಸರು

ಆರು ವರ್ಷ ನಾನು ಸ್ವೀಡಿಷ್ ಕಲಿಯುತ್ತಿದ್ದೇನೆ ಎಂದೇ ತಿಳಿದುಕೊಂಡಿದ್ದೆ. ಕಲಿತದ್ದು ಬೇರೆ. ಅದರಲ್ಲಿ ತಪ್ಪು ನನ್ನದೂ ಇದೆ, ಕೆಳಗಿನ ಮನೆಯ ಮುದುಕಿಯದೂ ಇದೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮೊಮ್ಮಗಳಿಗೆ ಕನ್ನಡ ಕಲಿಸಬೇಕೆಂದು ಮಗಳು ಊರಿನಿಂದ ಅಂಕಲಿಪಿ ತರಿಸಿದ್ದಳು. ಅದನ್ನು ಮೊಮ್ಮಗಳು ಮುಟ್ಟಲಿಲ್ಲ, ನಾನು ಮುಗಿಸಿದೆ. ಹಾಗಾಗಿ ಈಗ ಬರೆಯಬಲ್ಲೆ. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಹಿಡಿಯಲಿ, ನನಗೆ ಬೇರೆ ಕೆಲಸವಿಲ್ಲ.

ಅಳಿಯನಿಗೆ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸ. ಮಗಳ ಬಾಣಂತನಕ್ಕೆಂದು ಬಂದೆ. ಅತ್ತ ನನ್ನ ಗಂಡ ಮೊದಲೇ ತೀರಿಕೊಂಡಿದ್ದ, ಹೊಲ ಮೈದುನನ ಪಾಲಾಗಿತ್ತು. ಇತ್ತ ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಹೋಗಿ ಬಂದು ಮಾಡುತ್ತ ಕಡೆಗೆ ಇಲ್ಲೇ ಉಳಿದೆ. ಆ ಕೂಸಿಗೆ ಈಗ ಹದಿನಾರು. ನನ್ನನ್ನು ಆಯಿ ಎಂದು ಕರೆಯುತ್ತಾಳೆ. ನಮ್ಮ ಧಾರವಾಡದ ಕಡೆ ಅಜ್ಜಿಯನ್ನು ಹಾಗೆ ಕರೆಯುವುದು. ಅವಳಲ್ಲಿ ಉಳಿದ ಕನ್ನಡ ಬಹುಮಟ್ಟಿಗೆ ಅದೊಂದೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾಳೆ, ಅದನ್ನು ಮಗಳು ಕನ್ನಡ ಮಾಡಿ ಹೇಳಬೇಕು. ಕೇಳಿದ್ದು ತಿಳಿಯುತ್ತದೆ, ಹೊಳ್ಳಿ ಆಡಲು ಬಾಯಿ ತೆರೆಯುವುದಿಲ್ಲ.

ಕೆಳಗಿನ ಮನೆಯ ಮುದುಕಿಯ ಜೊತೆ ನನ್ನ ಪರಿಚಯ ಆದದ್ದು ಜಗಳದಿಂದ. ಇಲ್ಲಿ ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದೇ ಬಟ್ಟೆ ಒಗೆಯುವ ಕೋಣೆ. ಗೋಡೆಯ ಮೇಲಿನ ಹಲಗೆಯಲ್ಲಿ ಮನೆಗೊಂದು ಪುಟ್ಟ ಬೀಗ. ಬೀಗವನ್ನು ಯಾವ ಹೊತ್ತಿಗೆ ಸಿಕ್ಕಿಸುತ್ತೀರೋ ಆ ಹೊತ್ತು ನಿಮ್ಮ ಸರದಿ. ನನಗೆ ಅದು ಗೊತ್ತಿರಲಿಲ್ಲ. ಮಷಿನು ಖಾಲಿ ಇತ್ತು, ಬಟ್ಟೆ ಹಾಕಿದೆ. ಆಕೆ ಬಂದಳು. ಆರಡಿ ಎತ್ತರ, ಗಂಡಸರ ಬೂಟು, ಉಣ್ಣೆಯ ಟೋಪಿ. ಬೈಯತೊಡಗಿದಳು. ನಾನೇನು ಸುಮ್ಮನಿರುವವಳಲ್ಲ, ಕನ್ನಡದಲ್ಲಿ ತಿರುಗಿ ಬೈದೆ. ಸ್ವಲ್ಪ ಹೊತ್ತು ಇಬ್ಬರೂ ಚೆನ್ನಾಗಿ ಬೈದುಕೊಂಡೆವು. ಆಮೇಲೆ ಆಕೆ ತನ್ನ ದೊಡ್ಡ ಹಾಸಿಗೆ ಬಟ್ಟೆಯನ್ನು ಒಬ್ಬಳೇ ಮಡಚಲಾಗದೆ ಒದ್ದಾಡುತ್ತಿದ್ದಳು. ಒಂದು ತುದಿ ನಾನು ಹಿಡಿದೆ.

ಮರುದಿನದಿಂದ ಒಟ್ಟಿಗೆ ಅಡ್ಡಾಡಲು ಶುರು ಮಾಡಿದೆವು. ನಾನು ಆಕೆಯನ್ನು ಅಕ್ಕ ಎಂದೆ. ನನಗಿಂತ ಹತ್ತು ವರ್ಷ ದೊಡ್ಡವಳು. ಹಿಮ ಬಿದ್ದ ಮೇಲೆ ನನ್ನ ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಟ್ಟಳು. ಆದರೂ ನಾನು ಹೆದರಿ ಹೆಜ್ಜೆ ಇಟ್ಟರೆ ಕೋಳಿಯ ಹಾಗೆ ಕತ್ತು ಆಡಿಸಿ ತೋರಿಸಿ ಗೇಲಿ ಮಾಡುತ್ತಿದ್ದಳು. ಕಲ್ಲು ತೋರಿಸಿ ಒಂದು ಮಾತು ಹೇಳುವಳು, ನಾನು ಅದನ್ನೇ ಹೇಳುವೆ. ನೀರು, ಮರ, ಹೇಲು, ಬೆಂಕಿ, ಮಳೆ. ಊರಾಚೆ ಆಕೆಗೊಂದು ಆಲೂಗಡ್ಡೆಯ ಪಾತಿ ಇತ್ತು. ಅಲ್ಲಿ ಮಣ್ಣಿನ ಮಾತೆಲ್ಲ ಬಂತು. ಎರಡು ವರ್ಷದಲ್ಲಿ ಸಣ್ಣ ಮಾತು, ನಾಲ್ಕು ವರ್ಷದಲ್ಲಿ ಕಥೆ. ನನಗೆ ಓದು ಹತ್ತಲಿಲ್ಲ, ಆದರೆ ಕಿವಿಗೆ ಬಿದ್ದದ್ದು ಬಿಟ್ಟು ಹೋಗುವುದಿಲ್ಲ. ಅವ್ವ ಬೀಸುವಾಗ ಹಾಡಿದ ಪದ ನೂರಾರು ಹಾಗೇ ಕಲಿತವಳು ನಾನು.

ಆಕೆ ದಾಲಾರ್ನಾ ಸೀಮೆಯ ಅಡವಿಯ ಕಡೆಯವಳು. ಒಂದು ಚರ್ಚು, ಅದಕ್ಕೆ ಸೇರಿದ ಏಳೆಂಟು ಹಳ್ಳಿ, ಸುತ್ತ ಕಾಡು. ಬೇಸಿಗೆ ಬಂದರೆ ಹೆಣ್ಣುಮಕ್ಕಳು ದನ ಹೊಡೆದುಕೊಂಡು ಅಡವಿಯೊಳಗಿನ ಗುಡಿಸಲಿಗೆ ಹೋಗಿ ಮೂರು ತಿಂಗಳು ಇರುತ್ತಿದ್ದರಂತೆ. ಹಾಲು ಹಿಂಡುವುದು, ಬೆಣ್ಣೆ ತೆಗೆಯುವುದು, ಎಲ್ಲ ಅಲ್ಲೇ. ದನ ಕಾಡಿನಲ್ಲಿ ಎತ್ತಲೋ ಮೇಯುತ್ತಿರುತ್ತವೆ. ಸಂಜೆ ನಾಲ್ಕಕ್ಕೆ ಹೆಂಗಸು ಬಂಡೆ ಹತ್ತಿ ಒಂದು ಎತ್ತರದ ದನಿ ತೆಗೆದು ಹೆಸರು ಹಿಡಿದು ಕರೆಯಬೇಕು. ಆ ಹೆಸರುಗಳಿಗೆ ಒಂದು ವರಸೆ ಇತ್ತು. ಆಕೆಯ ಮುತ್ತಜ್ಜಿಯ ಕಾಲದ ಹಸುಗಳು ಮೊದಲು, ಆಮೇಲೆ ಅಜ್ಜಿಯವು, ಆಮೇಲೆ ತಾಯಿಯವು, ಕಡೆಗೆ ಆಕೆಯವು. ಸತ್ತ ಹಸುಗಳನ್ನು ಬಿಟ್ಟು ಬದುಕಿದ್ದವನ್ನು ಮಾತ್ರ ಕರೆಯುವ ಹಾಗಿಲ್ಲ. ಒಟ್ಟು ಇಪ್ಪತ್ಮೂರು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಒಂದರ ಅರ್ಥ ಚುಕ್ಕಿ, ಒಂದರದ್ದು ಹಿಮದಂಥವಳು, ಒಂದರದ್ದು ಒದೆಯುವವಳು. ಅವರ ಮಾತಿನಲ್ಲಿ ಅವು ಹೇಗಿವೆ ಎಂದು ಇಲ್ಲಿ ಬರೆಯಲು ನೋಡಿದೆ. ಕನ್ನಡದ ಅಕ್ಷರದಲ್ಲಿ ಅವು ಕೂರುವುದಿಲ್ಲ.

ನಮ್ಮ ಮನೆಯಲ್ಲಿ ನಾನು ಹುಡುಗಿಯಾಗಿದ್ದಾಗ ಏಳು ಎಮ್ಮೆ ಇದ್ದವು. ಅವುಗಳ ಹೆಸರನ್ನು ನಾನೂ ಆಕೆಗೆ ಹೇಳಿದೆ. ಯಾವುದು ಹಾಯುತ್ತಿತ್ತು, ಯಾವುದು ಕೆರೆ ಬಿಟ್ಟು ಏಳುತ್ತಿರಲಿಲ್ಲ, ಯಾವುದರ ಕೋಡು ಮುರಿದಿತ್ತು, ಎಲ್ಲ. ನಡೆಯುವಾಗ ಆಕೆ ತನ್ನವನ್ನು ಕರೆದರೆ ನಾನು ನನ್ನವನ್ನು ಕರೆಯುತ್ತಿದ್ದೆ. ರಸ್ತೆಯಲ್ಲಿ ನಾಯಿ ಹಿಡಿದುಕೊಂಡು ಹೋಗುವವರು ನಿಂತು ನೋಡುತ್ತಿದ್ದರು.

ಹೀಗೆ ಆರು ವರ್ಷ ಆದ ಮೇಲೆ ನನಗೆ ಧೈರ್ಯ ಬಂತು. ಊರಿನ ಲೈಬ್ರರಿಯಲ್ಲಿ ಗುರುವಾರ ಹೊರದೇಶದವರಿಗೆ ಕಾಫಿ ಕೊಟ್ಟು ಸ್ವೀಡಿಷ್ ಮಾತಾಡಿಸುತ್ತಾರೆ. ಮಗಳು ಹೋಗು ಹೋಗು ಎಂದು ಹಿಂದೆ ಬಿದ್ದಿದ್ದಳು. ಹೋದೆ. ನನ್ನ ಸರದಿ ಬಂದಾಗ ನೆಟ್ಟಗೆ ಕೂತು, ಈ ಸಲ ಮಳೆ ಹೆಚ್ಚಾಗಿ ಆಲೂಗಡ್ಡೆ ಕೊಳೆತವು, ಮೇಲಿನ ಪಾತಿಯವು ಮಾತ್ರ ಉಳಿದವು ಎಂದು ಒಂದೇ ಉಸಿರಿಗೆ ಹೇಳಿದೆ. ಕಲಿಸುವ ಹೆಂಗಸು ನನ್ನ ಬಾಯಿಯನ್ನೇ ನೋಡಿದಳು. ಮತ್ತೊಮ್ಮೆ ಹೇಳಿಸಿದಳು. ಎದ್ದು ಹೋಗಿ ಒಳಗಿನಿಂದ ಇನ್ನೊಬ್ಬಳನ್ನು ಕರೆತಂದಳು. ಆ ಹೊಸಬಳು ಕೇಳಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೈಸನ್ನೆ ಮಾಡಿ ಕೇಳಿದಳು. ಈ ಮಾತನ್ನು ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳಂತೆ, ಆಮೇಲೆ ಎಲ್ಲೂ ಇಲ್ಲವಂತೆ.

ಅವಳು ಬರೆದುಕೊಟ್ಟ ಚೀಟಿಯನ್ನು ಓದಿ ಮನೆಯಲ್ಲಿ ಮೊಮ್ಮಗಳು ಬಿಡಿಸಿ ಹೇಳಿದಳು. ನಾನು ಆಡುವುದು ಸ್ವೀಡಿಷ್ ಅಲ್ಲ, ಯಾವುದೋ ಹಳ್ಳಿಯ ಮಾತು, ಅವಳ ಟೀಚರಿಗೂ ಬರುವುದಿಲ್ಲ. ಇಷ್ಟು ವರ್ಷ ಅವಳು ನನ್ನ ಉಚ್ಚಾರ ಕೆಟ್ಟದ್ದು ಎಂದುಕೊಂಡಿದ್ದಳು. ಮಗಳೂ ಹಾಗೇ. ಅಳಿಯ ಬೆಂಗಳೂರಿನವನು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

“ಅತ್ತೆ, ಬೆಂಗಳೂರಿಗೆ ಬಂದು ಕನ್ನಡ ಅಂದ್ಕೊಂಡು ಕೊಡವ ತಕ್ಕ್ ಕಲಿತಂಗಾಯ್ತು” ಎಂದ.

ನನಗೆ ನಗು ಬರಲಿಲ್ಲ. ಬೂಟು ಕೂಡ ಹಾಕದೆ ಕೆಳಗೆ ಇಳಿದು ಆಕೆಯ ಬಾಗಿಲು ಬಡಿದೆ. ಆಕೆಯ ಮಾತನ್ನು ಇಲ್ಲಿ ನಮ್ಮ ಊರಿನ ಮಾತಿನಲ್ಲೇ ಬರೆಯುತ್ತೇನೆ, ನನಗೆ ಅದು ಕೇಳಿಸುತ್ತಿದ್ದದ್ದು ಹಾಗೇ.

“ಆರು ವರ್ಷ ನನ್ನ ಮಂಗ್ಯಾ ಮಾಡಿದೇನ?” ಎಂದೆ.

ಆಕೆ ಕೆಮ್ಮು ಬರುವಷ್ಟು ನಕ್ಕಳು. ಕಾಫಿ ಇಟ್ಟಳು. ಆಮೇಲೆ ಹೇಳಿದಳು. “ಅವತ್ತ ಸಿಟ್ಟ ಬಂದಿತ್ತು. ಸಿಟ್ಟ ಬಂದ್ರ ನನಗ ನಮ್ಮೂರ ಮಾತ ಬರ್ತದ. ನೀ ಹೊಳ್ಳಿ ಮಾತಾಡಿದಿ. ನನ್ನ ತಂಗಿ ಸತ್ತ ಮ್ಯಾಲ ಯಾರೂ ಹೊಳ್ಳಿ ಮಾತಾಡಿದ್ದಿಲ್ಲ.”

ಅವತ್ತು ತಿಳಿದದ್ದು ಇನ್ನೂ ಇದೆ. ಆಕೆಯ ಶಾಲೆಯಲ್ಲಿ ಊರ ಮಾತಾಡಿದ ಮಕ್ಕಳನ್ನು ಹೊರಗಿನ ಓಣಿಯಲ್ಲಿ ನಿಲ್ಲಿಸುತ್ತಿದ್ದರಂತೆ. ಗಂಡ ಬೇರೆ ಸೀಮೆಯವನು, ಕುಲುಮೆಯ ಕೆಲಸಕ್ಕೆಂದು ಇಲ್ಲಿ ಬಂದವನು. ಒಬ್ಬನೇ ಮಗ ಹುಟ್ಟಿದಾಗ ಆಕೆ ತನ್ನ ಮಾತನ್ನು ಬಾಯೊಳಗೇ ಇಟ್ಟುಕೊಂಡಳು. ಅವನು ಯಾರೆದುರೂ ನಗೆಗೀಡಾಗಬಾರದು ಎಂದು. ಅವನು ಸ್ವೀಡಿಷ್ ಬಿಟ್ಟು ಬೇರೆ ಕೇಳದೆ ಬೆಳೆದ. ಕೈಯಾರೆ ಮಾಡಿಕೊಂಡಿದ್ದೀ ಎಂದೆ. ಹೌದು ಎಂದಳು. ನಾನೂ ಹೆಚ್ಚಿಗೆ ಹೇಳುವ ಹಾಗಿರಲಿಲ್ಲ. ನನ್ನ ಮಗಳು ಕನ್ನಡದವರು ಸೇರಿದ ಕಡೆ ಹೋದರೆ ನಮ್ಮ ಕಡೆಯ ಮಾತು ಬಿಟ್ಟು ಬೆಂಗಳೂರಿನವರ ಹಾಗೆ ಮಾತಾಡುತ್ತಾಳೆ. ನಾಲ್ಕು ಜನ ನಗುತ್ತಾರೆ, ನಾಜೂಕಾಗಿ ಮಾತಾಡು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ಸ್ವೀಡಿಷ್ ಅಲ್ಲ ಎಂದು ಗೊತ್ತಾದ ಮೇಲೂ ನಾವು ಮಾತು ಬದಲಿಸಲಿಲ್ಲ. ಈ ವಯಸ್ಸಿನಲ್ಲಿ ಮತ್ತೊಂದು ಯಾರು ಕಲಿಯುತ್ತಾರೆ?

ಎರಡು ವರ್ಷದ ಹಿಂದೆ ಆಕೆ ಜಾರಿಬಿದ್ದಳು. ನನ್ನನ್ನು ಕೋಳಿ ಎಂದವಳು ತಾನೇ ಬಿದ್ದಳು. ಸೊಂಟ ಕೂಡಿಕೊಂಡಿತು, ಆದರೆ ತಲೆ ಮೊದಲಿನಂತೆ ಆಗಲಿಲ್ಲ. ಮುದುಕರನ್ನು ನೋಡಿಕೊಳ್ಳುವ ಮನೆಯೊಂದಕ್ಕೆ ಮಗ ಸೇರಿಸಿದ. ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ. ನನಗೂ ಆಗ ಮಂಡಿ ನೋವು, ಹೋಗುವುದು ತಿಂಗಳಿಗೊಮ್ಮೆ ಆಯಿತು, ಆಮೇಲೆ ಚಳಿಗಾಲ ಬಂತು, ನಿಂತೇ ಹೋಯಿತು. ನೆಪ ಹೇಳುತ್ತಿಲ್ಲ. ಹೋಗಬಹುದಿತ್ತು, ಹೋಗಲಿಲ್ಲ.

ಕಳೆದ ವರ್ಷ ಚಳಿ ಶುರುವಾಗುವಾಗ ಆಕೆಯ ಮಗ ನಮ್ಮ ಬಾಗಿಲಿಗೆ ಬಂದ. ಅರವತ್ತು ದಾಟಿದವನು, ಅಪ್ಪನ ಹಾಗೇ ಕುಲುಮೆಯಲ್ಲಿ ದುಡಿದು ನಿವೃತ್ತಿಯಾದವನು. ಇಷ್ಟು ವರ್ಷದಲ್ಲಿ ನಮ್ಮ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಟೋಪಿಯನ್ನು ತಿರುವುತ್ತ ಕೂತ. ಮಗಳು ಅವನು ಹೇಳಿದ್ದನ್ನು ನನಗೆ ಹೇಳಿದಳು. ಅವನ ತಾಯಿಯ ಸ್ವೀಡಿಷ್ ಪೂರ್ತಿ ಹೋಗಿದೆ. ಏನೋ ಹೇಳುತ್ತಾಳೆ, ಯಾರಿಗೂ ತಿಳಿಯುವುದಿಲ್ಲ, ಮಾತು ಹೋಗಿದೆ ಎಂದು ಅಲ್ಲಿಯವರು ಬರೆದಿದ್ದಾರೆ. ದಿನಾ ಮಧ್ಯಾಹ್ನ ಕೋಟು ಹಾಕಿಕೊಂಡು ಬಾಗಿಲಿಗೆ ಹೋಗುತ್ತಾಳೆ, ತಡೆದರೆ ಹೊಡೆಯುತ್ತಾಳೆ, ಕೂಗುತ್ತಾಳೆ. ಬೇರೆ ಊರಿನಲ್ಲಿ ಬೀಗ ಹಾಕಿದ ವಿಭಾಗ ಇದೆ, ಅಲ್ಲಿಗೆ ಕಳಿಸೋಣ ಎನ್ನುತ್ತಾರೆ. ಶುಕ್ರವಾರದೊಳಗೆ ಅವನು ಹೂಂ ಅಥವಾ ಊಹೂಂ ಎನ್ನಬೇಕು.

“ಅವರಮ್ಮ ನಿನ್ನ ಜೊತೆ ಮಾತಾಡ್ತಿದ್ರು, ನಿನಗೆ ತಿಳಿಯಬಹುದಾ ಅಂತ ಕೇಳ್ತಿದಾರೆ ಅವ್ವಾ” ಎಂದಳು ಮಗಳು.

ಬುಧವಾರ ಹೊರಟೆ. ಮಗಳಿಗೆ ಕೆಲಸ, ಅದಕ್ಕೆ ಮೊಮ್ಮಗಳನ್ನು ಕರೆದುಕೊಂಡೆ. ಆಕೆಯ ಮಾತು ನನಗೆ ತಿಳಿಯುತ್ತದೆ, ಅವನ ಮಾತು ನನಗೆ ತಿಳಿಯುವುದಿಲ್ಲ. ನಡುವೆ ಒಬ್ಬರು ಬೇಕು. ಮೊಮ್ಮಗಳು ಹಾಡು ಕೇಳಲು ಕಿವಿಗೆ ಸಿಕ್ಕಿಸಿದ್ದನ್ನು ದಾರಿಯುದ್ದಕ್ಕೂ ತೆಗೆಯಲಿಲ್ಲ.

ಆಕೆ ಕಿಟಕಿಯ ಹತ್ತಿರ ಕೂತಿದ್ದಳು, ಕೋಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು. ಅರ್ಧ ಆಗಿದ್ದಳು. ನಾನು ಅಕ್ಕಾ ಎಂದೆ. ನೋಡಿದಳು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದಳು. ಮಾತು ಹೋಗಿರಲಿಲ್ಲ. ಒಂದೂ ಹೋಗಿರಲಿಲ್ಲ.

ಮಗ ಬಾಗಿಲ ಹತ್ತಿರ ನಿಂತಿದ್ದ. ಹೊತ್ತು ಎಷ್ಟಾಯಿತು ಎಂದು ಆಕೆ ನನ್ನನ್ನು ಕೇಳಿದಳು. ಮೂರೂವರೆ ಎಂದೆ. ಆಕೆ ಎದ್ದಳು.

“ಯಾಕ ಏಳ್ತಿ?” ಎಂದೆ.

“ಕರೀಬೇಕಲ್ಲ. ಅಡವ್ಯಾಗ ನಿಂತಾವ. ನನ್ನ ಕಾಲು ನಡಿಯಂಗಿಲ್ಲ, ಬಂಡಿಗಲ್ಲ ಹತ್ತಾಕ ಆಗಂಗಿಲ್ಲ. ಒಪ್ಪಿಸಿ ಕೊಡೂಣಂದ್ರ ಇಲ್ಲಿ ಯಾರಿಗೂ ಮಾತ ಬರಂಗಿಲ್ಲ.”

ಇದನ್ನು ನಾನು ಬಲ್ಲೆ. ಅಡ್ಡಾಡುವಾಗ ಎಷ್ಟೋ ಸಲ ಹೇಳಿದ್ದಳು. ಹೆಂಗಸಿಗೆ ವಯಸ್ಸಾಗಿ ಅಡವಿಗೆ ಹೋಗಲಾಗದೆ ಇದ್ದರೆ ಕಿರಿಯಳ ಮಣಿಕಟ್ಟು ಹಿಡಿದು ಹೆಸರು ಹೇಳಿಸುತ್ತಾಳೆ. ಕಿರಿಯಳು ತಪ್ಪದೆ ಕಡೆಯವರೆಗೆ ಹೇಳಿ, ತನ್ನದೊಂದು ಹಸುವಿನ ಹೆಸರು ಸೇರಿಸಿದರೆ ಹಿರಿಯಳು ಕೈ ಬಿಡುತ್ತಾಳೆ. ಆಮೇಲೆ ದನದ ಚಿಂತೆ ಅವಳದಲ್ಲ. ಅಲ್ಲಿಯವರೆಗೆ ಅವಳದೇ. ಆಕೆ ಓಡಿ ಹೋಗುತ್ತಿರಲಿಲ್ಲ. ಕೆಲಸ ಯಾರ ಕೈಗೂ ಕೊಡದೆ ಉಳಿದಿತ್ತು.

ನನಗೆ ಒಪ್ಪಿಸು, ನನಗೆ ಇಪ್ಪತ್ಮೂರೂ ಬರುತ್ತವೆ ಎಂದೆ.

“ನಿನಗ ಕೊಟ್ಟು ಏನ ಮಾಡ್ಲಿ? ನೀನೂ ನಾಳೆ ನಾಡಿದ್ದು ಹೋಗಾಕಿ” ಎಂದಳು.

ಅದು ಸರಿಯೇ. ನಾನು ಮೊಮ್ಮಗಳ ಕಡೆ ತಿರುಗಿದೆ. ಅವಳು ಕಿವಿಯಲ್ಲಿದ್ದದ್ದನ್ನು ಆಗಲೇ ತೆಗೆದಿದ್ದಳು. ಎಲ್ಲವನ್ನೂ ಕನ್ನಡದಲ್ಲಿ ಹೇಳಿ, ಹೆಸರುಗಳನ್ನು ನೀವು ಒಪ್ಪಿಸಿಕೊಳ್ಳುತ್ತೀರಾ ಎಂದು ಅವನನ್ನು ಕೇಳು ಎಂದೆ. ಅವಳು ಅದನ್ನು ಸ್ವೀಡಿಷ್ ಮಾಡಿ ಆ ಗಂಡಸಿಗೆ ಹೇಳಿದಳು. ನಡುವೆ ಎರಡು ಕಡೆ ಸಿಕ್ಕಿಕೊಂಡು ನನ್ನನ್ನೇ ಕೇಳಿದಳು, ಕನ್ನಡದಲ್ಲಿ. ನನಗೆ ಸ್ವೀಡಿಷ್ ಬರುವುದಿಲ್ಲವಲ್ಲ, ಬೇರೆ ದಾರಿ ಇರಲಿಲ್ಲ ಅವಳಿಗೆ.

“ಆಯಿ, ಒಪ್ಪಿಸೋದು ಅಂದ್ರೆ ಕೊಟ್ಟುಬಿಡೋದಾ? ಇಲ್ಲಾ ನೋಡ್ಕೋ ಅನ್ನೋದಾ?”

“ಎರಡೂ” ಎಂದೆ.

ಅವನು ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದ. ಆಮೇಲೆ ಏನೋ ಹೇಳಿದ, ಮೊಮ್ಮಗಳು ಅದನ್ನು ಕನ್ನಡ ಮಾಡಿದಳು. ಅದು ಹೆಂಗಸರ ಕೆಲಸವಂತೆ, ಗಂಡಸರಿಗೆ ಹೇಳಿಕೊಡುತ್ತಿರಲಿಲ್ಲವಂತೆ, ತಾಯಿ ಒಪ್ಪುವುದಿಲ್ಲವಂತೆ. ಅದನ್ನೇ ಆಕೆಗೆ ಹೇಳಿದೆ. ಆಕೆ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ದನ ನೋಡುವ ಹಾಗೆ.

“ಹೆಣ್ಣಮಕ್ಕಳ ಕೆಲಸ ಇದು” ಎಂದಳು. ಕೋಟಿನ ತೋಳು ಮೇಲೆ ಸರಿಸಿ, “ಇರಾಂವ ಇವನ ಒಬ್ಬಾಂವ. ಕೈ ಕೊಡು ಅನ್ನು.”

ಅವನು ಕುರ್ಚಿ ಎಳೆದುಕೊಂಡು ಕೂತ. ಆಕೆ ಅವನ ಮಣಿಕಟ್ಟು ಹಿಡಿದಳು. ಸುತ್ತಲೂ ಬೆರಳು ಮುಟ್ಟಲಿಲ್ಲ, ಅಷ್ಟು ದಪ್ಪ ಅವನ ಕೈ. ಆಕೆ ಮೊದಲ ಹೆಸರು ಹೇಳಿದಳು, ಅವನು ಹೇಳಿದ. ಆಕೆಯ ದನಿ ಸಣ್ಣಗಾಗಿತ್ತು, ಅವನಿಗೆ ಕೇಳಿಸದಿದ್ದರೆ ನಾನು ಹೇಳಿಕೊಡುತ್ತಿದ್ದೆ. ಉತ್ತರ ಕರ್ನಾಟಕದ ಮುದುಕಿ ದಾಲಾರ್ನಾದ ಹಸುವಿನ ಹೆಸರನ್ನು ಅಲ್ಲಿಯ ಮಗನಿಗೆ ತಿದ್ದುತ್ತಿದ್ದೆ. ನಾಲ್ಕನೆಯದಕ್ಕೆ ತಪ್ಪಿದ. ಆಕೆ ಮಣಿಕಟ್ಟು ಜಗ್ಗಿದಳು, ಮತ್ತೆ ಮೊದಲಿನಿಂದ. ಆರನೆಯದಕ್ಕೆ ತಪ್ಪಿದ, ಮತ್ತೆ ಮೊದಲಿನಿಂದ. ಕುಲುಮೆಯಲ್ಲಿ ನಲವತ್ತು ವರ್ಷ ದುಡಿದವನ ಹಣೆಯಲ್ಲಿ ಬೆವರು.

ನಾಲ್ಕು ಗಂಟೆಗೆ ಅಲ್ಲಿಯ ಹುಡುಗಿ ಗುಳಿಗೆ ತಂದಳು. ಆಕೆ ಬಾಗಿಲ ಕಡೆ ನೋಡಿಯೇ ಇರಲಿಲ್ಲ. ಮಗ ಇನ್ನೊಂದು ಕೈ ಎತ್ತಿ ಹುಡುಗಿಯನ್ನು ಅಲ್ಲೇ ನಿಲ್ಲಿಸಿದ. ಅವತ್ತು ಒಂಬತ್ತು ಹೆಸರಾದವು. ಆಕೆ ಕೂತಲ್ಲೇ ನಿದ್ದೆ ಹೋದಳು. ಆಕೆಯ ಕೋಟು ಬಿಚ್ಚಿದ್ದು ಅವನು.

ಶುಕ್ರವಾರ ಅವನು ಊಹೂಂ ಎಂದ. ಆಮೇಲೆ ದಿನಾ ಮೂರೂವರೆಗೆ ಹೋಗತೊಡಗಿದ. ಬುಧವಾರ ನಾನೂ ಮೊಮ್ಮಗಳೂ ಹೋಗುತ್ತಿದ್ದೆವು. ಮುದುಕ ಮಗನಿಗೆ ಕಲಿಕೆ ನಿಧಾನ. ಹದಿಮೂರಕ್ಕೆ ಬಂದು ಒಂದು ತಿಂಗಳು ನಿಂತ. ಬರೆದುಕೊಂಡು ಬಂದಿದ್ದ ಒಮ್ಮೆ, ಆಕೆ ಕಾಗದ ಕಿತ್ತು ತೊಡೆಯ ಕೆಳಗೆ ಇಟ್ಟುಕೊಂಡಳು. ಅಡವಿಯಲ್ಲಿ ಮಳೆ ಬಂದರೆ ಕಾಗದ ಏನು ಮಾಡುತ್ತದೆ ಎಂದಳು. ಬೈದಾಗಲೆಲ್ಲ ಅವನು ತಲೆ ತಗ್ಗಿಸಿ ನಗುತ್ತಿದ್ದ. ತಾಯಿ ಅವನಿಗೆ ಈ ಮಾತಿನಲ್ಲಿ ಬೈದದ್ದು ಹುಟ್ಟಿದಾಗಿನಿಂದ ಈಗಲೇ ಅಂತೆ. ನಡುನಡುವೆ ಸಣ್ಣ ಸಣ್ಣ ಮಾತು ಅವನಿಗೂ ತಿಳಿಯತೊಡಗಿತು. ನೀರು, ಕೈ, ಸುಮ್ಮನಿರು, ದಡ್ಡ.

ಹೋದ ಬುಧವಾರ ಅವನು ಇಪ್ಪತ್ಮೂರೂ ಹೇಳಿದ. ಒಂದೂ ತಪ್ಪಲಿಲ್ಲ. ಹೇಳಿ ನಿಟ್ಟುಸಿರು ಬಿಟ್ಟ. ಆದರೆ ಆಕೆ ಕೈ ಬಿಡಲಿಲ್ಲ. ಕಾಯುತ್ತ ಕೂತಳು. ಅವನು ನನ್ನ ಮುಖ ನೋಡಿದ. ತನ್ನದೊಂದು ಸೇರಿಸಬೇಕು ಎಂದು ಮೊಮ್ಮಗಳ ಬಾಯಿಂದ ಹೇಳಿಸಿದೆ. ಅವನು ಹಸು ಕಟ್ಟಿದವನಲ್ಲ. ನಾಯಿ ಕೂಡ ಸಾಕಿದವನಲ್ಲ. ಅವನ ಮುಖ ಕೆಂಪಾಯಿತು. ಆಕೆಯ ಹಿಡಿತ ಬಿಗಿಯಾಯಿತು.

ನನಗೆ ತೋಚಿದ್ದು ಮಾಡಿದೆ. ಅವನ ಕಿವಿಯ ಹತ್ತಿರ ಬಾಗಿ ನಮ್ಮ ಎಮ್ಮೆಗಳಲ್ಲಿ ಒಂದರ ಹೆಸರು ಹೇಳಿದೆ. ಅವನು ಅದನ್ನು ತನ್ನ ಬಾಯಿಯಲ್ಲಿ ಹೊರಳಿಸಿ, ಉಳಿದವುಗಳ ರಾಗದಲ್ಲೇ ಕರೆದ.

ಆಕೆ ಕಣ್ಣು ಸಣ್ಣ ಮಾಡಿದಳು. “ಅದು ಎಮ್ಮಿ” ಎಂದಳು. “ಕೋಡ ಮುರದದ್ದು.”

“ಹೌದು” ಎಂದೆ.

“ಬರಲಿ ಅದೂ” ಎಂದು ಮಣಿಕಟ್ಟು ಬಿಟ್ಟಳು.

ಬಿಟ್ಟ ಜಾಗದಲ್ಲಿ ಅವನ ಚರ್ಮ ಬೆಳ್ಳಗಾಗಿತ್ತು. ಅವನು ಅದನ್ನು ಉಜ್ಜಿಕೊಳ್ಳಲಿಲ್ಲ. ಆಕೆ ಕಿಟಕಿಯ ಕಡೆ ತಿರುಗಿ, ಕಾಫಿ ಯಾರೂ ಕೊಡುವುದಿಲ್ಲವೇ ಎಂದಳು. ಅದು ಅವನಿಗೆ ತಿಳಿಯಿತು. ಎದ್ದು ತರಲು ಹೋದ.

ಬಸ್ಸಿನಲ್ಲಿ ಮೊಮ್ಮಗಳು ಕಿವಿಗೆ ಏನೂ ಸಿಕ್ಕಿಸಿಕೊಳ್ಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ಆಯಿ, ನಿಂಗೆ ಎಷ್ಟು ಎಮ್ಮೆ ಇತ್ತು?” ಎಂದಳು.

ಏಳು ಎಂದೆ. ಹೆಸರು ಹೇಳು ಎಂದಳು. ಬೆರಳು ಮಡಚುತ್ತ ಹೇಳಿದೆ. ಐದು ಬಂದವು. ಉಳಿದ ಎರಡು ಎಷ್ಟು ತಡಕಿದರೂ ಬರಲಿಲ್ಲ. ಊರಿನ ಮನೆಯಲ್ಲಿ ಕೇಳೋಣವೆಂದರೆ ಆ ಎಮ್ಮೆ ನೋಡಿದವರು ಯಾರೂ ಉಳಿದಿಲ್ಲ.

ಬರುವ ಬುಧವಾರ ಹೋದಾಗ ಆಕೆಯನ್ನೇ ಕೇಳಬೇಕು. ಆಕೆಗೆ ನಾನು ಏಳೂ ಹೇಳಿದ್ದೆ.